ತುಕ್ಕು ಹಿಡಿದ ಕಾರಿನ ಜೀರ್ಣೋದ್ಧಾರ

ಮಳೆಗಾಲದಲ್ಲಿ ಅಂಗಳದಲ್ಲಿ ಮರೆತ ಹಾರೆಯೋ ಕತ್ತಿಯೋ ನಾಲ್ಕು ದಿನಗಳಲ್ಲಿ ಕೆಂಪೇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ತುಕ್ಕಾಗುತ್ತದೆಂದು ಪ್ರೌಢಶಾಲೆಯಲ್ಲಿಯೇ ಓದಿರುತ್ತೇವೆ. ಈ ಮಾತು ನಿಜವೇ; ಆದರೆ ಪೂರ್ಣವಲ್ಲ. ಇಷ್ಟನ್ನೇ ಓದಿದವನು, ಗಾಳಿ ಎಲ್ಲಿ ಹೆಚ್ಚಾಗಿ ತಗಲುವುದೋ ಅಲ್ಲಿಯೇ ಕಬ್ಬಿಣವು ಹೆಚ್ಚಾಗಿ ಸವೆಯಬೇಕೆಂದು ಊಹಿಸುವುದು ಸಹಜ. ವಾಸ್ತವದಲ್ಲಿ ಆಗುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನಗೆ ಈ ಸಂಗತಿ ಮನದಟ್ಟಾದದ್ದು ಒಂದು ಹಳೆಯ ಕಾರಿನ ಕೆಳಗೆ ಅಂಗಾತ ಮಲಗಿದ್ದಾಗ.

ಆ ಕಾರು ನನ್ನ ಅಜ್ಜನದು. 1968ರ ಫಿಯಟ್ 1100. ಇಟಲಿಯಲ್ಲಿ 1953ರಲ್ಲಿ ಹುಟ್ಟಿದ ಮಾದರಿಯ ವಂಶಕ್ಕೆ ಸೇರಿದ ಈ ಕಾರನ್ನು ನಮ್ಮ ದೇಶದಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸುತ್ತಿತ್ತು. ಇದೇ ವಂಶದ ಗಾಡಿ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಓಡಿ, 2023ರ ಅಕ್ಟೋಬರಿನಲ್ಲಿ ಆ ನಗರದ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ಅಜ್ಜನ ಕಾರು ಅಷ್ಟು ಕಾಲ ಓಡಲಿಲ್ಲ. 1999ರಲ್ಲಿ ಅದನ್ನು ಉಡುಪಿಯ ಬಳಿ, ಸಮುದ್ರದಿಂದ ಒಂದು ಕಿಲೋಮೀಟರು ದೂರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಮೇಲೆ ಹೆಂಚಿನ ಮಾಡು, ಕೆಳಗೆ ಮಣ್ಣಿನ ನೆಲ. ಹದಿನೆಂಟು ವರ್ಷ ಅದು ಅಲ್ಲಿಯೇ ನಿಂತಿತು. 2017ರಲ್ಲಿ, ಅಜ್ಜ ತೀರಿಕೊಂಡ ಮರುವರ್ಷ, ಅದನ್ನು ಗುಜರಿಗೆ ಹಾಕುವ ಮಾತು ಬಂದಾಗ ನಾನು ಅಡ್ಡ ಬಂದೆ. ಒಂದು ಬೇಸಿಗೆ ರಜೆಯಲ್ಲಿ ಕೆಲಸ ಮುಗಿದೀತೆಂದು ಆಗ ನಂಬಿದ್ದೆ. ಮುಗಿದದ್ದು 2024ರಲ್ಲಿ.

ಮೊದಲನೆಯ ತಪ್ಪು

ನೋಡಲು ಕಾರು ಅಷ್ಟೇನೂ ಹಾಳಾಗಿರಲಿಲ್ಲ. ಬಾಗಿಲುಗಳ ಕೆಳ ಅಂಚಿನಲ್ಲಿಯೂ ಚಕ್ರಗಳ ಮೇಲಿನ ಕಮಾನಿನಲ್ಲಿಯೂ ಅಂಗೈಯಗಲದ ಕೆಂಪು ತೇಪೆಗಳು. ಉಳಿದೆಡೆ ಮಾಸಿದ ಬಣ್ಣ. ತಂತಿಬ್ರಷ್ಷಿನಿಂದ ತೇಪೆಗಳನ್ನು ಉಜ್ಜಿ, ಹೊಳಪು ಬಂದ ಮೇಲೆ ಪುಟ್ಟಿ ತುಂಬಿ, ಕೆಂಪು ಪ್ರೈಮರ್ ಬಳಿದು, ಬಣ್ಣ ಹೊಡೆಸಿದೆ. ಜೂನ್ ತಿಂಗಳಿನಲ್ಲಿ ಕಾರು ಹೊಸದರಂತೆ ಕಾಣುತ್ತಿತ್ತು. ದೀಪಾವಳಿಯ ಹೊತ್ತಿಗೆ ಅದೇ ಜಾಗಗಳಲ್ಲಿ ಬಣ್ಣವು ಹಪ್ಪಳದಂತೆ ಉಬ್ಬಿತ್ತು. ಬೆರಳಿನಿಂದ ಒತ್ತಿದರೆ ಗುಳ್ಳೆ ಒಡೆದು ಕಂದು ನೀರು ಒಸರುತ್ತಿತ್ತು.

ಪೇಟೆಯಲ್ಲಿ ನಲವತ್ತು ವರ್ಷಗಳಿಂದ ಟಿಂಕರಿಂಗ್ ಕೆಲಸ ಮಾಡಿಕೊಂಡಿದ್ದ ಹಿರಿಯರೊಬ್ಬರನ್ನು ಕರೆತಂದು ತೋರಿಸಿದೆ. ಅವರು ಗುಳ್ಳೆಯೊಂದನ್ನು ಉಗುರಿನಿಂದ ಕೆರೆದು, "ಮಾಷ್ಟ್ರೇ, ನೀವು ಬಣ್ಣ ಕೊಟ್ಟದ್ದು ತುಕ್ಕಿಗೆ, ತಗಡಿಗೆ ಅದು ಮುಟ್ಟಲೇ ಇಲ್ಲ" ಎಂದರು. ಆ ಮೇಲೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು, ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೂ ಹಾಯುವ ಟೊಳ್ಳು ತೊಲೆಯನ್ನು ಮೆಲ್ಲಗೆ ಕುಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದ ಶಬ್ದ ಒಂದೆಡೆ ಮಂಕಾಯಿತು. ಅಲ್ಲಿ ಸ್ವಲ್ಪ ಒತ್ತಿದೊಡನೆ, ಹೊರಗಿನಿಂದ ಏನೂ ಕಾಣದಿದ್ದ ತಗಡಿನೊಳಕ್ಕೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು.

ಹೊರಗಿನ ತೇಪೆ ಕೆಂಪಾಗಿದ್ದರೂ ತಗಡು ಗಟ್ಟಿಯಾಗಿತ್ತು. ಬಣ್ಣ ಕೆಡದಿದ್ದ ಟೊಳ್ಳು ತೊಲೆ ಒಳಗಿನಿಂದ ಕರಗಿಹೋಗಿತ್ತು. ಹೀಗೇಕೆ?

ಒಂದು ಹನಿಯ ಪ್ರಯೋಗ

ಇದಕ್ಕೆ ಉತ್ತರವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾರಾದರೂ ಕಣ್ಣಾರೆ ಕಾಣಬಹುದು. ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ (1889–1980) ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಪ್ರಸಿದ್ಧಪಡಿಸಿದ ಪ್ರಯೋಗವಿದು. 100 ಮಿಲಿಲೀಟರು ನೀರಿನಲ್ಲಿ 3 ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ, ಅದಕ್ಕೆ ಚಿಟಿಕೆಯಷ್ಟು ಪೊಟಾಸಿಯಮ್ ಫೆರಿಸಯನೈಡನ್ನೂ ಕೆಲವು ಹನಿ ಫಿನಾಲ್ಫ್ಥಲೀನನ್ನೂ ಬೆರೆಸಿ. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಈ ದ್ರಾವಣದ ಒಂದು ದೊಡ್ಡ ಹನಿಯನ್ನಿಟ್ಟು, ಅಲುಗಿಸದೆ ನೋಡುತ್ತಿರಿ. ಕಬ್ಬಿಣ ಕರಗಿದೆಡೆ ಫೆರಿಸಯನೈಡ್ ನೀಲಿಯಾಗುತ್ತದೆ. ಕ್ಷಾರ ಹುಟ್ಟಿದೆಡೆ ಫಿನಾಲ್ಫ್ಥಲೀನ್ ಗುಲಾಬಿಯಾಗುತ್ತದೆ.

ಮೊದಲು ಅಲ್ಲಲ್ಲಿ ನೀಲಿ, ಗುಲಾಬಿ ಚುಕ್ಕೆಗಳು ಕಾಣಿಸಿಕೊಳ್ಳುವುವು. ಸ್ವಲ್ಪ ಹೊತ್ತಿನಲ್ಲಿ ಅವು ಬೇರೆಬೇರೆಯಾಗಿ, ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ಗುಲಾಬಿಯ ಬಳೆಯೂ ನಿಲ್ಲುವುವು. ಇವೆರಡರ ನಡುವೆ ಕೊನೆಗೆ ಕಂದು ಬಣ್ಣದ ತುಕ್ಕಿನ ವಲಯವೊಂದು ಮೂಡುವುದು.

ಇದರ ಅರ್ಥವನ್ನು ವಿಚಾರಮಾಡೋಣ. ಗಾಳಿಯ ಆಮ್ಲಜನಕವು ಹನಿಯ ತೆಳು ಅಂಚಿಗೆ ಸುಲಭವಾಗಿ ಇಳಿಯುತ್ತದೆ. ದಪ್ಪವಾದ ನಡುಭಾಗದ ತಳಕ್ಕೆ ಕಷ್ಟದಿಂದ ತಲಪುತ್ತದೆ. ಅಂಚಿನಲ್ಲಿ ಆಮ್ಲಜನಕವೂ ನೀರೂ ಕಬ್ಬಿಣದಿಂದ ಎಲೆಕ್ಟ್ರಾನುಗಳನ್ನು ಪಡೆದು ಕ್ಷಾರದ ಅಯಾನುಗಳಾಗುತ್ತವೆ. ಈ ಎಲೆಕ್ಟ್ರಾನುಗಳನ್ನು ಒದಗಿಸುವವು ನಡುಭಾಗದ ಕಬ್ಬಿಣದ ಪರಮಾಣುಗಳು. ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಅವು ಅಯಾನುಗಳಾಗಿ ನೀರಿನಲ್ಲಿ ಕರಗುತ್ತವೆ. ಎಲೆಕ್ಟ್ರಾನುಗಳು ಲೋಹದ ಮೂಲಕ, ಅಯಾನುಗಳು ನೀರಿನ ಮೂಲಕ ಸಾಗಿ, ವಿದ್ಯುನ್ಮಂಡಲ ಪೂರ್ತಿಯಾಗುತ್ತದೆ. ಅಂದರೆ ಒಂದು ಹನಿ ಉಪ್ಪುನೀರು ಕಬ್ಬಿಣದ ಮೇಲೆ ನಿಂತಾಗ ಅಲ್ಲೊಂದು ಪುಟ್ಟ ಬ್ಯಾಟರಿಯೇ ಕೆಲಸ ಮಾಡುತ್ತಿರುತ್ತದೆ.

ಆಮ್ಲಜನಕವು ಧಾರಾಳವಾಗಿರುವ ಅಂಚಿನ ಲೋಹವು ಕ್ಷಾರದ ಆಶ್ರಯದಲ್ಲಿ ಸುರಕ್ಷಿತವಾಗಿದ್ದು, ಆಮ್ಲಜನಕಕ್ಕೆ ಬರವಿರುವ ನಡುವಿನ ಲೋಹ ಕರಗುತ್ತದೆ ಎಂಬುದು ಇಲ್ಲಿ ಮುಖ್ಯ ಅಂಶ. ಕೆಂಪು ಪುಡಿ ಕೂಡುವುದು ಮಾತ್ರ ಇವೆರಡರ ನಡುವೆ. ಆದುದರಿಂದ ತುಕ್ಕು ಕಾಣುವ ಜಾಗ ಬೇರೆ, ಕಬ್ಬಿಣ ಕರಗುವ ಜಾಗ ಬೇರೆ. ಹಳೆಯ ಕಾರನ್ನು ರಿಪೇರಿ ಮಾಡಹೊರಟವನು ಕಲಿಯಬೇಕಾದ ಮೊದಲ ಪಾಠ ಇದೇ.

ಕಾರಿನಲ್ಲಿ ಹನಿ ನಿಲ್ಲುವುದೆಲ್ಲಿ?

ಈ ಪಾಠವನ್ನು ಕಾರಿಗೆ ಅನ್ವಯಿಸಿದರೆ, ಗಾಳಿಗೆ ಮರೆಯಾಗಿ ಒದ್ದೆ ನಿಲ್ಲುವ ಜಾಗಗಳನ್ನು ಹುಡುಕಬೇಕೆಂದು ತಿಳಿಯುತ್ತದೆ. ಚಕ್ರ ಎರಚಿದ ಕೆಸರು ಒಣಗಿ ಅಂಟಿರುವ ಕಮಾನಿನ ಒಳಮೈ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಬೆಸೆದಿರುವ ಸಂದು. ಗಾಜಿನಿಂದಿಳಿದ ನೀರು ಹೊರಹೋಗಲು ಬಾಗಿಲಿನ ತಳದಲ್ಲಿ ಬಿಟ್ಟ, ಈಗ ಕಸದಿಂದ ಮುಚ್ಚಿಹೋದ ತೂತು. ಕಾಲಡಿಯ ರಬ್ಬರು ಹಾಸಿನ ಕೆಳಗಿನ ತಗಡು. ಟೊಳ್ಳು ತೊಲೆಯ ಒಳಗು. ಅಜ್ಜನ ಕಾರಿನಲ್ಲಿ ಇವುಗಳಲ್ಲಿ ಒಂದೂ ಪೂರ್ತಿ ಗಟ್ಟಿಯಾಗಿರಲಿಲ್ಲ.

ಸಂದುಗಳ ವಿಷಯದಲ್ಲಿ ಇನ್ನೊಂದು ಕಷ್ಟವುಂಟು. ಒಂದು ಘನ ಸೆಂಟಿಮೀಟರು ಕಬ್ಬಿಣ ತುಕ್ಕಾದಾಗ ಅದು ಸುಮಾರು ಮೂರು ಘನ ಸೆಂಟಿಮೀಟರು ಜಾಗ ಕೇಳುತ್ತದೆ. ತುಕ್ಕಿನ ಸಣ್ಣಸಣ್ಣ ರಂಧ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಹೆಚ್ಚು. ಬೆಸೆದ ಎರಡು ತಗಡುಗಳ ನಡುವೆ ಹುಟ್ಟಿದ ತುಕ್ಕು ಅವುಗಳನ್ನು ಬೆಣೆಯಂತೆ ಅಗಲಿಸುತ್ತದೆ. ಅಗಲಿದ ಸಂದಿನೊಳಕ್ಕೆ ಮತ್ತಷ್ಟು ನೀರು ಕೇಶಾಕರ್ಷಣದಿಂದ ಏರುತ್ತದೆ.

ಮಾಡಿನ ಕೆಳಗೆ, ಮಳೆ ತಗಲದೆ ನಿಂತಿದ್ದ ಕಾರಿಗೆ ನೀರೆಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಸಮುದ್ರದ ಗಾಳಿ ಹೊತ್ತು ತರುವ ಲವಣವೇ ಇದಕ್ಕೆ ಕಾರಣ. ಅಡಿಗೆ ಉಪ್ಪು, ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ಮೀರಿತೆಂದರೆ, ಗಾಳಿಯಿಂದಲೇ ನೀರನ್ನು ಹೀರಿ ಕರಗುತ್ತದೆ. ಸಮುದ್ರದ ಲವಣದಲ್ಲಿಯೇ ಸೇರಿರುವ ಮೆಗ್ನೀಸಿಯಮ್ ಕ್ಲೋರೈಡಿಗಂತೂ ನೂರಕ್ಕೆ 33 ಸಾಕು. ಕರಾವಳಿಯ ಗಾಳಿ ಅಷ್ಟು ಒಣಗುವುದು ಅಪರೂಪ. ಹೀಗಾಗಿ ಉಪ್ಪಿನ ಧೂಳು ಕುಳಿತ ತಗಡು ಬೇಸಿಗೆಯ ರಾತ್ರಿಯಲ್ಲಿಯೂ ಒದ್ದೆಯಾಗಿಯೇ ಇರುತ್ತದೆ. ನಾನು ಬಣ್ಣ ಹೊಡೆಸಿದಾಗ ತುಕ್ಕಿನ ಕುಳಿಗಳಲ್ಲಿ ಈ ಲವಣ ಹಾಗೆಯೇ ಉಳಿದಿತ್ತು. ಬಣ್ಣದ ಪೊರೆ ನೀರನ್ನು ಪೂರ್ತಿ ತಡೆಯಲಾರದು. ಲವಣವಿರುವ ಕಡೆಗೆ ನೀರು ಪೊರೆಯ ಮೂಲಕ ಪರಾಸರಣದಿಂದ ಹಾಯ್ದು ಬಂದು ಗುಳ್ಳೆಯಾಯಿತು. ಅಲ್ಲಿ ಹುಟ್ಟಿದ ಕ್ಷಾರ ಬಣ್ಣದ ಹಿಡಿತವನ್ನು ಇನ್ನಷ್ಟು ಸಡಿಲಿಸಿತು.

ತುಕ್ಕಿನ ವೇಗ

ಇದು ವಿದ್ಯುತ್ತಿನ ಕೆಲಸವೆಂದ ಮೇಲೆ ಫ್ಯಾರಡೆಯ ನಿಯಮದಿಂದ ಅದರ ಲೆಕ್ಕವನ್ನೂ ಹಾಕಬಹುದು. ಕಬ್ಬಿಣದ ಒಂದು ಪರಮಾಣು ಕರಗುವಾಗ ಎರಡು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಆದುದರಿಂದ 55.85 ಗ್ರಾಂ ಕಬ್ಬಿಣ ಕರಗಲು 2 × 96,500 ಕೂಲಂಬು ವಿದ್ಯುತ್ತು ಹರಿಯಬೇಕು. ಅಂದರೆ ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಸುಮಾರು ಒಂದು ಗ್ರಾಂ ಕಬ್ಬಿಣ ಹೋಯಿತು.

ಈಗ ತಗಡಿನ ಪ್ರತಿ ಚದರ ಸೆಂಟಿಮೀಟರಿನಲ್ಲಿ ಒಂದು ಮೈಕ್ರೊ ಆಂಪಿಯರ್ ಮಾತ್ರ ಹರಿಯುತ್ತಿದೆಯೆನ್ನೋಣ. ಬ್ಯಾಟರಿಯ ಕೈಗಡಿಯಾರ ಸೆಳೆಯುವ ಪ್ರವಾಹವೂ ಸುಮಾರು ಇಷ್ಟೇ. ವರ್ಷಕ್ಕೆ 3.15 ಕೋಟಿ ಸೆಕೆಂಡುಗಳು. ಹರಿದ ವಿದ್ಯುತ್ತು 31.5 ಕೂಲಂಬು, ಕರಗಿದ ಕಬ್ಬಿಣ 0.0091 ಗ್ರಾಂ. ಕಬ್ಬಿಣದ ಸಾಂದ್ರತೆ 7.87 ಆದುದರಿಂದ ತಗಡು 0.0116 ಮಿಲಿಮೀಟರು ತೆಳುವಾಯಿತು. ಇದು ಅಲ್ಪವೆಂದು ಕಾಣಬಹುದು. ಆದರೆ ಪ್ರವಾಹ ಹತ್ತು ಮೈಕ್ರೊ ಆಂಪಿಯರ್ ಆದರೆ ಸವೆತವೂ ಹತ್ತು ಪಟ್ಟಾಗುತ್ತದೆ, 0.8 ಮಿಲಿಮೀಟರಿನ ತಗಡು ಏಳು ವರ್ಷಗಳಲ್ಲಿ ತೂತಾಗುತ್ತದೆ. ಎರಡು ಮಗ್ಗುಲಿನಿಂದಲೂ ತಿಂದರೆ ಅದರ ಅರ್ಧ ಕಾಲ ಸಾಕು. ಹದಿನೆಂಟು ವರ್ಷ ನಿಂತಿದ್ದ ಕಾರಿನಲ್ಲಿ ಇಷ್ಟಾದರೂ ಉಳಿದಿತ್ತಲ್ಲ ಎಂಬುದೇ ಆಶ್ಚರ್ಯ.

ಮೊದಲು ಪರೀಕ್ಷೆ, ಆಮೇಲೆ ಕೆಲಸ

ಲಾರಿಗಳಿಗೆ ಭಾರ ಹೊರುವ ಗಟ್ಟಿ ಚಾಸಿ ಬೇರೆಯಾಗಿರುತ್ತದೆ. ಈ ಫಿಯಟ್ಟಿನಂಥ ಕಾರುಗಳಲ್ಲಿ ಹಾಗಿಲ್ಲ. ತಗಡಿನ ಒಡಲೇ ಚಾಸಿ. ಬಾಗಿಲಿನ ಕೆಳಗಿನ ಟೊಳ್ಳು ತೊಲೆಗಳೇ ಅದರ ಬೆನ್ನೆಲುಬು. ಅವು ಕರಗಿದರೆ ಕಾರು ಅಂದಗೆಡುವುದಿರಲಿ, ಅಪಘಾತದ ಹೊತ್ತಿನಲ್ಲಿ ಒಳಗಿದ್ದವರನ್ನು ಕಾಯಲಾರದು. ಈ ಮಾತನ್ನು ನಾನು ಬೇರೊಂದು ರೀತಿಯಲ್ಲಿ ಕಲಿಯಬೇಕಾಯಿತು. ಹಿರಿಯರು ತೋರಿಸಿಕೊಟ್ಟ ಮೇಲೂ ನಾನು ಇನ್ನೊಂದು ಮಗ್ಗುಲಿನ ತೊಲೆ ಗಟ್ಟಿಯಿದೆಯೆಂದು ನಂಬಿ ಅದರ ಕೆಳಗೆ ಜ್ಯಾಕ್ ಕೊಟ್ಟೆ. ಚಕ್ರ ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಒಣಗಿದ ಎಲೆ ತುಳಿದಂಥ ಶಬ್ದವಾಗಿ, ಜ್ಯಾಕ್ ತೊಲೆಯೊಳಕ್ಕೆ ನುಗ್ಗಿ, ಕಾರು ಧೊಪ್ಪನೆ ಕುಳಿತಿತು. ಪಾನಾ ತರಲು ಆಗತಾನೇ ಎದ್ದಿದ್ದೆನಾದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಗಟ್ಟಿಯೆಂದು ಪರೀಕ್ಷಿಸಿದ ಭಾಗಗಳ ಕೆಳಗೆ ಕಬ್ಬಿಣದ ಸ್ಟ್ಯಾಂಡ್‌ಗಳನ್ನಿಟ್ಟ ಮೇಲೆಯೇ ಕೆಲಸ.

ಪರೀಕ್ಷೆಗೆ ಬೇಕಾದ ಸಾಧನಗಳು ಅಲ್ಪ: ಸಣ್ಣ ಸುತ್ತಿಗೆ, ಮೊಂಡು ಸ್ಕ್ರೂಡ್ರೈವರ್, ಒಂದು ಆಯಸ್ಕಾಂತ. ಹಿಂದೆ ಯಾರೋ ಪುಟ್ಟಿ ತುಂಬಿ ಮುಚ್ಚಿದ ತೂತಿನ ಮೇಲೆ ಆಯಸ್ಕಾಂತ ಹಿಡಿಯುವುದಿಲ್ಲ. ಕಂಡದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಚಿತ್ರ ಬರೆದು ಗುರುತು ಹಾಕಿಕೊಳ್ಳಬೇಕು. ವರ್ಷಗಟ್ಟಲೆ ನಡೆಯುವ ಕೆಲಸದಲ್ಲಿ ನೆನಪನ್ನು ನಂಬುವಂತಿಲ್ಲ.

ಬಿಚ್ಚುವುದೂ ಒಂದು ವಿದ್ಯೆ. ತುಕ್ಕಿನಿಂದ ಜಾಮ್ ಆದ ನಟ್ಟನ್ನು ಬಲದಿಂದ ತಿರುಗಿಸಿದರೆ ಬೋಲ್ಟು ಮುರಿಯುತ್ತದೆ. ಸೀಮೆಎಣ್ಣೆಯಂಥ ತೆಳುವಾದ ಎಣ್ಣೆಯನ್ನು ಹಾಕಿ ಒಂದೆರಡು ದಿನ ಬಿಟ್ಟರೆ ಅದು ಮರೆಗಳ ಸಂದಿನೊಳಕ್ಕೆ ಕೇಶಾಕರ್ಷಣದಿಂದ ಹೋಗುತ್ತದೆ. ನೀರನ್ನು ಒಳಕ್ಕೆಳೆದ ಬಲವೇ ಈಗ ಎಣ್ಣೆಯನ್ನೂ ಎಳೆಯುತ್ತದೆ. ಅದಕ್ಕೂ ಜಗ್ಗದಿದ್ದರೆ, ಎಣ್ಣೆಯನ್ನು ಪೂರ್ತಿ ಒರಸಿ ತೆಗೆದು, ಪೆಟ್ರೋಲು ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು, ನಟ್ಟನ್ನು ಮಾತ್ರ ಬೇಗನೆ ಕಾಯಿಸಬೇಕು. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. 12 ಮಿಲಿಮೀಟರು ವ್ಯಾಸದ ನಟ್ಟು 300 ಡಿಗ್ರಿ ಏರಿದರೆ ಅದರ ತೂತು 0.04 ಮಿಲಿಮೀಟರು ದೊಡ್ಡದಾಯಿತು. ಅಷ್ಟರಿಂದಲೇ ತುಕ್ಕಿನ ಹಿಡಿತ ಬಿರಿಯುತ್ತದೆ. ಎಂಜಿನ್ನಿನ ಪಿಸ್ಟನ್‌ಗಳೂ ಹೀಗೆಯೇ ಸಿಲಿಂಡರಿಗೆ ಕಚ್ಚಿಕೊಂಡಿದ್ದುವು. ಪ್ಲಗ್ಗಿನ ತೂತುಗಳಿಂದ ಡೀಸೆಲ್ಲು ಬೆರೆಸಿದ ಎಣ್ಣೆಯನ್ನು ಹೊಯ್ದು, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸುತ್ತ ಇದ್ದೆ. ಐದನೆಯ ವಾರದಲ್ಲಿ ಕೂದಲೆಳೆಯಷ್ಟು ಕದಲಿತು.

ತುಕ್ಕು ತೆಗೆಯುವ ಮೂರು ಬಗೆ

ಮೊದಲನೆಯದು ಉಜ್ಜುವುದು. ಮೇಲ್ಮೈಯ ತುಕ್ಕಿಗೆ ಇದು ಸಾಕು. ಆದರೆ ತಂತಿಬ್ರಷ್ಷು ಕುಳಿಯೊಳಗಿನ ತುಕ್ಕಿಗೆ ಮೆರುಗು ಕೊಟ್ಟು ನಮ್ಮನ್ನು ಮೋಸಗೊಳಿಸುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಉಜ್ಜಬೇಕು. ಹಳೆಯ ಬ್ರೇಕಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಅದರ ಧೂಳನ್ನು ಊದಲೇಬಾರದು.

ಎರಡನೆಯದು ಆಮ್ಲ. ಹುಣಸೆಹಣ್ಣಿನಿಂದ ಹಿತ್ತಾಳೆಯ ಚೆಂಬನ್ನು ತಿಕ್ಕುವ ಮನೆಯವರಿಗೆ ಇದು ಹೊಸದಲ್ಲ. ಸಣ್ಣ ಭಾಗಗಳನ್ನು ನೂರಕ್ಕೆ ಐದರ ಸಿಟ್ರಿಕ್ ಆಮ್ಲದಲ್ಲಿ ರಾತ್ರಿಯೆಲ್ಲ ನೆನೆಯಿಟ್ಟರೆ ತುಕ್ಕು ಕರಗಿ ಬೂದು ಲೋಹ ಕಾಣುತ್ತದೆ. ಹೈಡ್ರೊಕ್ಲೋರಿಕ್ ಆಮ್ಲ ಇನ್ನೂ ಬೇಗ ಕೆಲಸ ಮಾಡುವುದಾದರೂ ಅದರ ಕ್ಲೋರೈಡು ಕುಳಿಗಳಲ್ಲಿ ಉಳಿದು, ಸಮುದ್ರದ ಉಪ್ಪು ಮಾಡಿದ ಕೆಲಸವನ್ನೇ ಮುಂದುವರಿಸುತ್ತದೆ.

ಮೂರನೆಯದು ವಿದ್ಯುದ್ವಿಭಜನೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಎಲ್ಲಕ್ಕಿಂತ ಪ್ರಿಯವಾದೀತು. ತುಕ್ಕು ಹುಟ್ಟುವಾಗ ಕಬ್ಬಿಣ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿತಷ್ಟೆ. ನಾವು ಹೊರಗಿನಿಂದ ಅವುಗಳನ್ನು ತುಂಬುತ್ತೇವೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ತುಕ್ಕಿನ ಭಾಗವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಕೆಲಸಕ್ಕೆ ಬಾರದ ಕಬ್ಬಿಣದ ತಗಡೊಂದನ್ನು ಧನ ತುದಿಗೂ ಸೇರಿಸಬೇಕು. ಎರಡೂ ಒಂದಕ್ಕೊಂದು ತಗಲಬಾರದು. ಕೆಂಪು ತುಕ್ಕಿನ ಒಂದಂಶ ಕಪ್ಪು ಮ್ಯಾಗ್ನೆಟೈಟಾಗಿ ಸಡಿಲಗೊಳ್ಳುತ್ತದೆ. ಏಳುವ ಗುಳ್ಳೆಗಳು ಉಳಿದದ್ದನ್ನು ಎಬ್ಬಿಸುತ್ತವೆ.

ಆ ಗುಳ್ಳೆಗಳು ಜಲಜನಕದವು ಎಂಬುದನ್ನು ಮರೆಯಬಾರದು. ಐದು ಆಂಪಿಯರ್ ಹತ್ತು ಗಂಟೆ ಹರಿದರೆ ಹೆಚ್ಚೆಂದರೆ 23 ಲೀಟರು ಜಲಜನಕ ಹುಟ್ಟುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೂ ಒಂದು ಕಿಡಿಗೆ ಹತ್ತಿಕೊಳ್ಳಬಲ್ಲುದು. ತೊಟ್ಟಿ ಬಯಲಿನಲ್ಲಿರಬೇಕು, ತಂತಿ ಬಿಡಿಸುವ ಮೊದಲು ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಎಂದೂ ಹಾಕಬಾರದು. ಅದರ ಕ್ರೋಮಿಯಮ್ ವಿಷಕರವಾದ ಸಂಯುಕ್ತವಾಗಿ ನೀರಿಗೆ ಸೇರುತ್ತದೆ. ಸೋಡಾದ ಬದಲು ಉಪ್ಪನ್ನು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಸ್ಪ್ರಿಂಗುಗಳನ್ನೂ ಗಟ್ಟಿ ಉಕ್ಕಿನ ಬೋಲ್ಟುಗಳನ್ನೂ ಈ ತೊಟ್ಟಿಯಲ್ಲಿಡಬಾರದು. ಜಲಜನಕದ ಪರಮಾಣುಗಳು ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸಾಗಿಸುತ್ತವೆ. ಅಂಥ ಸ್ಪ್ರಿಂಗು ಯಾವ ಮುನ್ಸೂಚನೆಯೂ ಇಲ್ಲದೆ ಮುರಿದೀತು.

ಕತ್ತರಿಸಿ ಬೆಸೆಯುವುದು

ಈ ಮೂರು ಬಗೆಗಳೂ ತುಕ್ಕನ್ನು ತೆಗೆಯಬಲ್ಲವು. ಹೋದ ಕಬ್ಬಿಣವನ್ನು ಮರಳಿ ತರಲಾರವು. ತೂತಾದ ಭಾಗವನ್ನು ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು. ಅಜ್ಜನ ಕೈ ತಗಲಿದ ಕಾರನ್ನು ಕತ್ತರಿಸಲು ನನಗೆ ಮನಸ್ಸು ಬಾರದೆ ಒಂದು ವರ್ಷ ಕಳೆಯಿತು. ಕೊನೆಗೆ ಎರಡೂ ತೊಲೆಗಳು, ಕಾಲಡಿಯ ಅರ್ಧಕ್ಕಿಂತ ಹೆಚ್ಚು ತಗಡು, ಬಾಗಿಲುಗಳ ಕೆಳಗಿನ ಒಂದು ಗೇಣು ಹೋದುವು.

ಬೆಸುಗೆಯನ್ನು ನಾನು ಹಿರಿಯರ ಕೈಗೇ ಬಿಟ್ಟೆ. ಒಂದು ಮೀಟರು ತಗಡು 100 ಡಿಗ್ರಿ ಬಿಸಿಯಾದರೆ 1.2 ಮಿಲಿಮೀಟರು ಹಿಗ್ಗುತ್ತದೆ. ಒಂದೇ ಸಮನೆ ಬೆಸೆಯುತ್ತ ಹೋದರೆ ತಗಡು ಒಣಗಿದ ತಾಳೆಯೋಲೆಯಂತೆ ಸೊಟ್ಟಗಾಗುವುದು. ಅವರು ಇಲ್ಲೊಂದು, ಅಲ್ಲೊಂದು ಚುಕ್ಕಿಯಿಟ್ಟು, ಆರಲು ಬಿಟ್ಟು, ನಡುನಡುವೆ ತುಂಬುತ್ತ ಬಂದರು. ಒಂದು ಮಗ್ಗುಲಿನ ತೊಲೆಯನ್ನು ತೆಗೆಯುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಸರಳುಗಳನ್ನು ಬೆಸೆದರು. ಇಲ್ಲದಿದ್ದರೆ ಬೆನ್ನೆಲುಬಿಲ್ಲದ ಒಡಲು ನಡುವೆ ಜಗ್ಗಿ, ಬಾಗಿಲು ಮತ್ತೆಂದೂ ಸರಿಯಾಗಿ ಕೂಡುತ್ತಿರಲಿಲ್ಲ. ಪೆಟ್ರೋಲಿನ ಟ್ಯಾಂಕನ್ನು ಮಾತ್ರ ಅವರು ಮುಟ್ಟಲಿಲ್ಲ. ಬರಿದಾದ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತಿರುತ್ತವೆ. ಬೆಂಕಿ ತಾಗಿದರೆ ಅದು ಬಾಂಬಿಗೆ ಸಮಾನ. ಬೇರೆ ಟ್ಯಾಂಕನ್ನೇ ಹುಡುಕಿ ತಂದೆವು.

ಮತ್ತೆ ತುಕ್ಕು ಬಾರದಂತೆ

ತುಕ್ಕು ನಡೆಯಲು ಲೋಹ, ನೀರು, ಆಮ್ಲಜನಕ ಮೂರೂ ಸೇರಿ ಮಂಡಲ ಪೂರ್ತಿಯಾಗಬೇಕು. ಎಲ್ಲಿಯಾದರೂ ಮಂಡಲವನ್ನು ಕಡಿದರೆ ಅದು ನಿಲ್ಲುತ್ತದೆ. ಶುದ್ಧವಾದ ತಗಡಿಗೆ ಮೊದಲು ತೆಳುವಾದ ಫಾಸ್ಫಾರಿಕ್ ಆಮ್ಲ ಸವರಿದೆವು. ಕಬ್ಬಿಣದ ಮೇಲೆ ಫಾಸ್ಫೇಟಿನ ಒಂದು ಪದರ ಬೆಳೆದು ಬಣ್ಣಕ್ಕೆ ಹಿಡಿತ ಕೊಡುತ್ತದೆ. ದೆಹಲಿಯ ಕುತುಬ್ ಮಿನಾರಿನ ಬಳಿ ಸುಮಾರು 1,600 ವರ್ಷಗಳಿಂದ ನಿಂತಿರುವ ಕಬ್ಬಿಣದ ಕಂಬವನ್ನು ಕಾಪಾಡಿರುವುದೂ ಇಂಥ ಪದರವೇ ಎಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದರು, ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ನಮ್ಮ ಕೊಡಚಾದ್ರಿಯ ಭಾರಿ ಮಳೆಯಲ್ಲಿಯೂ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಹಳೆಯ ಕಬ್ಬಿಣದ ಕಂಬವೊಂದು ನಿಂತಿದೆ. ಅಂಥ ಕಬ್ಬಿಣದಿಂದಲೇ ಕಾರನ್ನು ಮಾಡಬಾರದೇಕೆಂದರೆ, ರಂಜಕ ಹೆಚ್ಚಾದ ಕಬ್ಬಿಣ ಪೆಡಸು. ಅಚ್ಚಿನಲ್ಲಿ ಒತ್ತಿ ಬಾಗಿಸಿದರೆ ಬಿರಿಯುತ್ತದೆ.

ಬಳಿಕ ಬೆಸುಗೆಯ ಸಂದುಗಳಿಗೆ ಸತುವಿನ ಪ್ರೈಮರ್. ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಗೀರು ಬಿದ್ದಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಈ ಉಪಾಯವನ್ನು ಮೊದಲು ಪ್ರಯೋಗಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ, 1824ರಲ್ಲಿ. ಹಡಗಿನ ತಳದ ತಾಮ್ರದ ಹೊದಿಕೆಗೆ ಅವನು ಸತುವಿನ ಮತ್ತು ಕಬ್ಬಿಣದ ತುಂಡುಗಳನ್ನು ಸೇರಿಸಿದ. ತಾಮ್ರ ಕರಗುವುದು ನಿಂತಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಅಂಜಿ ದೂರವಿದ್ದ ಚಿಪ್ಪುಜೀವಿಗಳು ಈಗ ತಳಕ್ಕೆ ಮುತ್ತಿ ಹಡಗಿನ ವೇಗ ಕುಗ್ಗಿತು. ವಿಜ್ಞಾನ ಸರಿಯಾಗಿದ್ದೂ ಉಪಾಯ ಸೋಲಬಹುದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಹೊರಗೆ ಕಾಣುವುದಿಲ್ಲ. ಬಾಗಿಲು, ತೊಲೆಗಳ ನೀರು ಹೋಗುವ ತೂತುಗಳನ್ನು ತೆರೆದು, ಟೊಳ್ಳುಗಳ ಒಳಕ್ಕೆ ಉದ್ದ ಕೊಳವೆಯಿಂದ ಕರಗಿದ ಮೇಣವನ್ನು ಸಿಂಪಡಿಸಿದೆವು. ಮೇಣ ಸಂದುಗಳಿಗೆ ಇಳಿದು ನೀರಿನ ಜಾಗವನ್ನು ತಾನು ಹಿಡಿಯುತ್ತದೆ. ಹೊರಗಿನ ಬಣ್ಣ ಕೊನೆಯ ಕೆಲಸ. ಅದಕ್ಕೆ ಹಿಡಿದದ್ದು ಹತ್ತು ದಿನ. ಒಳಗಿನ ಕೆಲಸಕ್ಕೆ ಆರು ವರ್ಷಗಳ ಭಾನುವಾರಗಳು.

ಇಂಥ ಹವ್ಯಾಸಕ್ಕೆ ಕೈಯಿಕ್ಕುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ಕಾರುಗಳಿಗೆ 'ವಿಂಟೇಜ್' ನೋಂದಣಿ ಕೊಡುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಕಾರು ತನ್ನ ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಮುಖ್ಯ ನಿಬಂಧನೆ. ಆದುದರಿಂದ ಕತ್ತರಿಸಿದ ಪ್ರತಿಯೊಂದು ತುಂಡಿನ ಅಳತೆ, ಚಿತ್ರ ಜೋಪಾನವಾಗಿರಲಿ.

ಕಾರಿಲ್ಲದವರು ನಿರಾಶರಾಗಬೇಕಿಲ್ಲ. ಮನೆಯ ಹಳೆಯ ಸೈಕಲ್ಲಿನ ಮಡ್‌ಗಾರ್ಡನ್ನು ಬಿಚ್ಚಿ, ಅದು ಎಲ್ಲಿ ಕೆಂಪಾಗಿದೆ, ಎಲ್ಲಿ ತೆಳುವಾಗಿದೆ ಎಂದು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿ ನೋಡಿ. ಈ ಶಾಸ್ತ್ರದಲ್ಲಿ ಮುಂದುವರಿಯಬಯಸುವವರಿಗೆ ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಇದೆ. ಲೋಹಗಳ ಸವೆತ ಅದರ ಮುಖ್ಯ ವಿಷಯಗಳಲ್ಲೊಂದು.

2024ರ ಮಳೆಗಾಲ ಕಳೆದ ಮೇಲೆ, ದೀಪಾವಳಿಯ ಹಿಂದಿನ ದಿನ, ನಾನು ಕಾರಿನ ಬಣ್ಣವನ್ನು ನೋಡಲಿಲ್ಲ. ಕೆಳಗೆ ಮಲಗಿ, ತೊಲೆಯ ನೀರಿನ ತೂತಿಗೆ ಕಿರುಬೆರಳನ್ನು ತೂರಿಸಿ ಒಳಗೆ ಸವರಿ ತೆಗೆದೆ. ಬೆರಳಿಗೆ ಮೇಣ ಅಂಟಿತ್ತು, ಕೆಂಪು ಇರಲಿಲ್ಲ. ಬರುವ ವರ್ಷವೂ ಅದೇ ದಿನ ಅದೇ ಪರೀಕ್ಷೆಯನ್ನು ಮಾಡಬೇಕೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ.